ಕೊಟ್ಟಿಗೆಯಲ್ಲಿ ಕಟ್ಟಿದ ಮೋಟಾರು

ಮೋಟಾರು ಗಾಡಿಯನ್ನು ಕೊಳ್ಳುವವರುಂಟು, ಓಡಿಸುವವರುಂಟು, ಕೆಟ್ಟಾಗ ಬಿಚ್ಚಿ ಸರಿಪಡಿಸುವವರೂ ಉಂಟು. ಆದರೆ ತನಗೆ ಬೇಕಾದ ಗಾಡಿಯನ್ನು ಮನೆಯ ಕೊಟ್ಟಿಗೆಯಲ್ಲಿ ತಾನೇ ಕಟ್ಟಿಕೊಳ್ಳುವವರೂ ಇದ್ದಾರೆಂದರೆ ವಾಚಕರಲ್ಲಿ ಕೆಲವರಿಗೆ ಸೋಜಿಗವಾದೀತು. ಇಂಗ್ಲೆಂಡಿನಲ್ಲಿ ಈ ಹವ್ಯಾಸ ನೂರು ವರ್ಷಗಳಷ್ಟು ಹಳೆಯದು. ಹಳೆಯ ಗಾಡಿಯೊಂದರ ಚಾಸಿಯನ್ನೂ ಇಂಜಿನನ್ನೂ ಉಳಿಸಿಕೊಂಡು, ಅದರ ಮೇಲೆ ತಮ್ಮ ಮನಸ್ಸಿಗೆ ಒಪ್ಪುವ ಹಗುರವಾದ ಮೈಯನ್ನು ಕಟ್ಟಿ ಅದನ್ನು ‘ಸ್ಪೆಷಲ್’ ಎಂದು ಕರೆಯುತ್ತಾರೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಠೀವಿ ಅದರದು: ನೀಳವಾದ ಮೂತಿ, ಚರ್ಮದ ಪಟ್ಟಿಯಿಂದ ಬಿಗಿದ ಬಾನೆಟ್ಟು, ಕಡ್ಡಿಚಕ್ರಗಳು, ಹಿಂದಕ್ಕೆ ಚೂಪಾಗುತ್ತ ಹೋಗುವ ದೋಣಿಯಂಥ ಬಾಲ.

ಗಾಡಿಯೊಂದು, ಮೈ ಇನ್ನೊಂದು ಎಂಬ ವಿಚಾರ ನಮ್ಮವರಿಗೆ ಹೊಸತೇನಲ್ಲ. ಬರಿಯ ಲಾರಿ ಚಾಸಿಯ ಮೇಲೆ ಚಾಲಕನೊಬ್ಬನು ತಲೆಗೆ ವಸ್ತ್ರ ಸುತ್ತಿಕೊಂಡು ಗಾಳಿಬಿಸಿಲಿನಲ್ಲಿ ಸಾಗುತ್ತಿದ್ದ ದೃಶ್ಯವನ್ನು ಹೊಸೂರಿನ ಹೆದ್ದಾರಿಯಲ್ಲಿ ಹಿರಿಯರು ಎಷ್ಟೋ ಸಲ ಕಂಡಿದ್ದಾರೆ. ಲಾರಿಗೆ ನಾಮಕ್ಕಲ್ಲಿನಲ್ಲಿ, ಬಸ್ಸಿಗೆ ಕರೂರಿನಲ್ಲಿ ಬಡಗಿಗಳೂ ಕಮ್ಮಾರರೂ ಸೇರಿ ಮೈ ಕಟ್ಟುತ್ತ ಬಂದವರು. ಯುದ್ಧಪೂರ್ವದ ಕಾರುಗಳಲ್ಲಿ ಬಹುಪಾಲು ಹೀಗೆಯೇ ಎರಡು ತುಂಡಾಗಿದ್ದವು. ಈಗಿನ ಕಾರುಗಳಲ್ಲಿ ಮೈಯೇ ಅಸ್ತಿಭಾರ. ಅದನ್ನು ಕಿತ್ತರೆ ಗಾಡಿಯೇ ಇಲ್ಲ. ಆದುದರಿಂದಲೇ ಸ್ಪೆಷಲ್ ಕಟ್ಟುವವರು ಇಂದಿಗೂ ಹಳೆಯ ಚಾಸಿಯನ್ನೇ ಅರಸುತ್ತಾರೆ.

ಈ ಹವ್ಯಾಸಕ್ಕೆ ಕಾಮಧೇನುವಾಗಿ ಒದಗಿದ್ದು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು. 1922ರಿಂದ 1939ರವರೆಗೆ ಇಂಥವು ಸುಮಾರು 2,90,000 ತಯಾರಾದವು. ಹರ್ಬರ್ಟ್ ಆಸ್ಟಿನ್ ಎಂಬ ಉದ್ಯಮಿಯು ಸ್ಟಾನ್ಲಿ ಎಡ್ಜ್ ಎಂಬ ಹದಿಹರೆಯದ ನಕ್ಷೆಗಾರನನ್ನು ಜೊತೆಗಿಟ್ಟುಕೊಂಡು, ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಇದರ ನಕ್ಷೆ ಬರೆಸಿದನು. ಎರಡು ಉಕ್ಕಿನ ತೊಲೆಗಳು ಮುಂದುಗಡೆ ಒಂದಕ್ಕೊಂದು ಸಮೀಪಿಸುತ್ತ ಸೇರುವುದೇ ಅದರ ಚಾಸಿ. ಮುಂದೆ ಅಡ್ಡಲಾಗಿ ಒಂದೇ ಕಮಾನು ಪಟ್ಟಿ. ಹಿಂದೆ ಎರಡು ಗಿಡ್ಡ ಪಟ್ಟಿಗಳು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಬರಿಯ 6 ಅಡಿ 3 ಅಂಗುಲ. ಇಂಜಿನಿನ ಗಾತ್ರ 747 ಸಿ.ಸಿ.; ಅಂದರೆ ಇಂದಿನ ದೊಡ್ಡ ಮೋಟಾರು ಸೈಕಲ್ಲಿನಷ್ಟು. ಎತ್ತಲು ಸುಲಭ, ಬಿಚ್ಚಲು ಸುಲಭ, ಗುಜರಿಯಲ್ಲಿ ಬಿಡಿಭಾಗಗಳು ಹೇರಳ.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೊಸ ಗಾಡಿಗಳಲ್ಲಿ ಬಹುಪಾಲು ರಫ್ತಿಗೆ ಹೋಗುತ್ತಿದ್ದವು. ಪೆಟ್ರೋಲಿನ ಪಡಿತರ 1950ರವರೆಗೂ ಇತ್ತು. ಕೈಯಲ್ಲಿ ಹಣವಿಲ್ಲದ, ಎದೆಯಲ್ಲಿ ಉತ್ಸಾಹ ತುಂಬಿದ ತರುಣರು ಮೈ ಕೊಳೆತ ಹಳೆಯ ಸೆವೆನ್ನುಗಳನ್ನು ಮನೆಗೆ ಎಳೆತಂದರು. ಇವರಿಗೆ ಆಸರೆಯಾದ 750 ಮೋಟಾರ್ ಕ್ಲಬ್ ಎಂಬ ಸಂಘವು 1939ರಲ್ಲೇ ಹುಟ್ಟಿತ್ತು. ಲಂಡನ್ನಿನ ವಿದ್ಯಾರ್ಥಿ ಕಾಲಿನ್ ಚಾಪ್‌ಮನ್ 1948ರಲ್ಲಿ ತಾನು ಮುಂದೆ ಮದುವೆಯಾದ ಹೇಜಲ್‌ಳ ತಂದೆತಾಯಿಯರ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹಳೆಯ ಸೆವೆನ್ ಒಂದಕ್ಕೆ ಹೊಸ ಮೈ ಕಟ್ಟಿದನು. ಅದೇ ಮೊದಲ ಲೋಟಸ್. ಹದಿನೈದು ವರ್ಷಗಳ ತರುವಾಯ, 1963ರಲ್ಲಿ, ಆ ಹೆಸರಿನ ಗಾಡಿಯಲ್ಲಿ ಜಿಮ್ ಕ್ಲಾರ್ಕ್ ಜಗತ್ತಿನ ಅಗ್ರ ಚಾಲಕನಾದನು. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಕೂಡ ತಂದೆಯ ಗ್ಯಾರೇಜಿನಲ್ಲಿ ಜೋಡಿಸಿಕೊಂಡ ಸೆವೆನ್ನಿನಲ್ಲೇ 1952ರಲ್ಲಿ ತನ್ನ ಮೊದಲ ಸ್ಪರ್ಧೆಗೆ ಇಳಿದನು. ಇಂಥವರು ಸಾವಿರಕ್ಕೊಬ್ಬರು. ಉಳಿದವರಿಗೆ ದೊರೆತುದು ತನ್ನ ಕೈಯಿಂದ ಆದ ಗಾಡಿ ಉಸಿರಾಡಿ ಚಲಿಸಿದ ಒಂದು ಮುಂಜಾವು. ಅದೂ ಅಲ್ಪವಾದ ಲಾಭವಲ್ಲ.

ಕೆಲಸದ ಕ್ರಮವನ್ನು ನೋಡೋಣ. ಬಣ್ಣ, ಬಾಲ, ದೀಪಗಳ ಯೋಚನೆ ಕಡೆಯದು. ಮೊದಲು ಚಾಸಿಯನ್ನು ಬರಿದು ಮಾಡಿ, ತುಕ್ಕು ಕೆರೆದು, ಬಿರುಕುಗಳನ್ನು ಹುಡುಕಬೇಕು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಸೊಟ್ಟವಿದೆಯೇ ಎಂದು ಅಳೆಯಬೇಕು. ಎರಡನೆಯದು ಬ್ರೇಕು. 1923ರ ಬಳಿಕ ಸೆವೆನ್ನಿನ ನಾಲ್ಕೂ ಗಾಲಿಗಳಿಗೆ ಬ್ರೇಕು ಬಂದರೂ, ಹಲವು ವರ್ಷ ಕಾಲಿನ ಪೆಡಲು ಹಿಂದಿನ ಗಾಲಿಗಳನ್ನೂ ಕೈಬ್ರೇಕು ಮುಂದಿನವನ್ನೂ ಬೇರೆಬೇರೆಯಾಗಿ ಹಿಡಿಯುತ್ತಿದ್ದವು! ಇದನ್ನು ಸರಿಪಡಿಸದೆ ಇಂಜಿನಿನ ಬಲ ಹೆಚ್ಚಿಸುವುದು ಕಡಿವಾಣ ಹಾಕದೆ ಕುದುರೆಯನ್ನು ಕೆಣಕಿದಂತೆ. ಇಂಜಿನಿಗೂ ಒಂದು ಮಿತಿಯುಂಟು. 1936ಕ್ಕೆ ಮುಂಚಿನ ಸೆವೆನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿಗೆ ಎರಡು ತುದಿಗಳಲ್ಲಿ ಮಾತ್ರ ಬೇರಿಂಗು, ನಡುವೆ ಆಸರೆಯಿಲ್ಲ. ಅತಿವೇಗದಲ್ಲಿ ತಿರುಗಿಸಿದರೆ ಅದು ಬಾಗುತ್ತ ಬಾಗುತ್ತ ಒಂದು ದಿನ ಮುರಿಯುತ್ತದೆ.

ಇಷ್ಟಾದ ಮೇಲೆ ಮೈ. ಆಶ್ ಮರದ ಪಟ್ಟಿಗಳಿಂದ ಎಲುಬಿನ ಗೂಡು; ಅದರ ಮೇಲೆ ಅಲ್ಯೂಮಿನಿಯಂ ತಗಡು. ಬಡಿದಂತೆಲ್ಲ ತಗಡು ಗಡುಸಾಗುತ್ತದೆ; ಆಗ ಕಾಯಿಸಿ ಮೆತ್ತಗೆ ಮಾಡಬೇಕು. ಎಷ್ಟು ಕಾಯಿಸಬೇಕೆಂಬುದಕ್ಕೆ ಹಳೆಯ ಕಸುಬುದಾರರ ಉಪಾಯ ಸೊಗಸಾಗಿದೆ. ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಥಟ್ಟನೆ ಕರಗಿಬಿಡುತ್ತದೆ. ಅದಕ್ಕಾಗಿ ತಗಡಿಗೆ ಸಾಬೂನು ಸವರಿ ಜ್ವಾಲೆಗೆ ಹಿಡಿಯುತ್ತಾರೆ. ಸಾಬೂನು ಕಪ್ಪಾಯಿತೆಂದರೆ ಕಾವು ಸಾಕೆಂದು ಅರ್ಥ. ಬಳಿಕ ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿದರೆ ತಗಡು ಬಟ್ಟಲಿನಂತೆ ಕುಳಿಗೊಳ್ಳುತ್ತದೆ. ನಮ್ಮ ಕಂಚುಗಾರರಿಗೂ ಪಾತ್ರೆ ಬಡಿಯುವವರಿಗೂ ಈ ವಿದ್ಯೆಯ ಮರ್ಮ ಹೇಳಿಕೊಡಬೇಕಾಗಿಲ್ಲ.

ಇನ್ನು ಈ ಹವ್ಯಾಸದ ಧರ್ಮಸೂಕ್ಷ್ಮವನ್ನು ಹೇಳಲೇಬೇಕು. ಐವತ್ತರ ದಶಕದಲ್ಲಿ ಬಿಚ್ಚಿ ಎಸೆದವು ಯಾರಿಗೂ ಬೇಡವಾದ ಮುರುಕು ಮೈಗಳು. ಇಂದು ಹಾಗಲ್ಲ. ಕುಟುಂಬವೊಂದು ಕೂತು ಪ್ರಯಾಣ ಮಾಡುತ್ತಿದ್ದ, ಮುಚ್ಚಿದ ಮೈಯ ಸಾಧಾರಣ ಹಳೆಯ ಕಾರುಗಳೇ ಈಗ ವಿರಳವಾಗಿವೆ. ರೈಲಿ ನೈನ್ ಮುಂತಾದವುಗಳ ಇಂಥ ಗಟ್ಟಿಮೈಗಳನ್ನು ಕಿತ್ತು, ಆ ಚಾಸಿಯ ಮೇಲೆ ಪಂದ್ಯದ ಗಾಡಿಯ ಮೈ ಹೊದಿಸಿದ್ದರ ಬಗ್ಗೆ ಹಳೆಯ ಕಾರುಗಳ ಪ್ರೇಮಿಗಳಲ್ಲೇ ಅಸಮಾಧಾನವಿದೆ. ಶ್ರೀಮಂತರ ಪಂದ್ಯದ ಗಾಡಿಗಳು ಹೇಗೂ ಉಳಿಯುತ್ತವೆ. ಶಾಲಾ ಮಾಸ್ತರನೂ ಅಂಗಡಿಕಾರನೂ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ಗಾಡಿಯ ಕುರುಹೇ ಅಳಿದುಹೋದರೆ ಆ ಕಾಲದ ಚಿತ್ರ ಅರ್ಧವಾಗುತ್ತದೆ. ಹಳೆಯ ತೊಟ್ಟಿಮನೆಯನ್ನು ಕೆಡವಿ ಅದರ ಕಂಬಗಳಿಂದ ಅರಮನೆಯ ಸೋಗಿನ ಬಂಗಲೆ ಕಟ್ಟಿದರೆ ಕಂಬಗಳೇನೋ ಉಳಿದಾವು, ಮನೆ ಉಳಿಯಿತೆನ್ನಲಾದೀತೆ? ವಿವೇಕಿಯು ಮೈ ಕಳೆದುಕೊಂಡು ಅನಾಥವಾಗಿ ಬಿದ್ದ ಚಾಸಿಯನ್ನು ಹುಡುಕುತ್ತಾನೆ; ಜೀವವಿರುವ ಗಾಡಿಗೆ ಗರಗಸ ಹಾಕುವುದಿಲ್ಲ. ತಾನು ಕಟ್ಟಿದ್ದನ್ನು ಸ್ಪೆಷಲ್ ಎಂದೇ ಹೇಳುತ್ತಾನೆ. ಪ್ರಸಿದ್ಧವಾದ ಹಳೆಯ ಗಾಡಿಯ ಹೆಸರಿನಲ್ಲಿ ಮಾರುವುದಿಲ್ಲ. ಯಾವ ಕಾಲದ್ದೆಂದು ಸಿದ್ಧಪಡಿಸಲಾಗದ ಗಾಡಿಗೆ ಬ್ರಿಟಿಷ್ ಸರಕಾರವು ‘ಕ್ಯೂ’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಕೊಡುತ್ತದೆ.

ನಮ್ಮ ತರುಣರಿಗೆ ಉಮೇದು ಬಂದರೆ ಒಂದು ಕಿವಿಮಾತು. ಯಾವ ರಾಜ್ಯದಲ್ಲಿದ್ದರೂ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಎಲ್ಲರಿಗೂ ಒಂದೇ. ತಯಾರಕನು ನಮೂದಿಸಿದ ಮೂಲ ಸ್ವರೂಪಕ್ಕೆ ಭಿನ್ನವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ಅದು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. 50 ವರ್ಷ ಮೀರಿದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ನಿಯಮ ತಂದಿತಾದರೂ, ಚಾಸಿ, ಮೈ, ಇಂಜಿನುಗಳು ಗಣನೀಯವಾಗಿ ಮಾರ್ಪಟ್ಟಿರಕೂಡದು ಎಂಬುದು ಅದರ ಕರಾರು. ಆದುದರಿಂದ ಕೊಡತಿ ಹಿಡಿಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ರಸ್ತೆಗೆ ಇಳಿಸುವ ಅನುಕೂಲವಿಲ್ಲದಿದ್ದರೂ ಕಲಿಯುವ ಅನುಕೂಲ ಎಲ್ಲರಿಗೂ ಇದೆ. ಅಜ್ಜನ ಕಾಲದ ಗಾಡಿಯೊಂದು ಹಿತ್ತಲಲ್ಲಿ ತುಕ್ಕು ತಿನ್ನುತ್ತಿದ್ದರೆ ಅದನ್ನು ಇದ್ದ ರೂಪಕ್ಕೇ ತಿದ್ದಿ ನಿಲ್ಲಿಸಲಿ. ಬೇಡವಾದ ಇಂಜಿನೊಂದು ಗುಜರಿಯಲ್ಲಿ ಸಿಕ್ಕರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿ ಜೋಡಿಸಲಿ. ಒಂದೊಂದು ನಟ್ಟೂ ಬೋಲ್ಟೂ ಯಾಕೆ ಅಲ್ಲಿದೆ ಎಂದು ಕೈಯಾರೆ ತಿಳಿದವನು ಮುಂದೆ ಯಾವ ಯಂತ್ರದೆದುರೂ ಕೈಕಟ್ಟಿ ನಿಲ್ಲಬೇಕಾಗುವುದಿಲ್ಲ.