ಎರಕದೊಳಗಿನ ಪೊಳ್ಳು

ಬೆಳಗಾವಿಯ ಅನಗೋಳ ದಾಟಿ ಉದ್ಯಮಬಾಗದತ್ತ ಹೋದರೆ ಫೌಂಡ್ರಿಗಳು ಸಿಗುತ್ತವೆ. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿದು, ಆರಿದ ಮೇಲೆ ಅಚ್ಚು ಒಡೆದು, ಉಜ್ಜಿ ಬಣ್ಣ ಬಳಿದರೆ ಕಣ್ಣಿಗೆ ಎಲ್ಲ ತುಂಡುಗಳೂ ಒಂದೇ. ಪಳಗಿದ ಕೈ ಮಾತ್ರ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತದೆ. ಗಟ್ಟಿ ಎರಕ ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದರ ಸದ್ದು ಮಂಕು. ಬ್ಲಾಕ್‌ಚೈನ್ ಎಂಬ ಹೆಸರು ಹೊತ್ತು ಬರುವ ಹೊಸ ಸಾಫ್ಟ್‌ವೇರ್‌ಗಳನ್ನೂ ಹೀಗೇ ತಟ್ಟಿ ನೋಡಬೇಕು.

ತಟ್ಟುವುದೆಂದರೆ ಒಂದೇ ಪ್ರಶ್ನೆ ಕೇಳುವುದು: ಸುಳ್ಳು ಎಲ್ಲಿಂದ ಒಳಗೆ ಬರುತ್ತಿದೆ?

ಜಮೀನಿನ ಪಹಣಿಯನ್ನೇ ನೋಡಿ, ನಮ್ಮ ಕಡೆ ಅದಕ್ಕೆ ಉತಾರ ಎನ್ನುತ್ತೇವೆ. ಅದು ತಲಾಠಿಯ ಕೈಬರಹದ ಪುಸ್ತಕದಲ್ಲಿದ್ದ ಕಾಲದಲ್ಲಿ ಒಂದು ಹೆಸರು ಅಳಿಸಲು, ಇನ್ನೊಂದು ಸೇರಿಸಲು ಒಂದು ಪೆನ್ನು ಸಾಕಿತ್ತು. ಹಾಗೆ ತಿದ್ದಿದ್ದು ರೈತನಿಗೆ ಗೊತ್ತಾಗುತ್ತಿದ್ದುದು ಸಾಲಕ್ಕೆಂದು ಬ್ಯಾಂಕಿಗೆ ಹೋದಾಗಲೇ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುವಂತಾಯಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ತಿದ್ದಬೇಕಾಯಿತು. ಅಲ್ಲಿ ಬ್ಲಾಕ್‌ಚೈನ್ ಇರಲಿಲ್ಲ. ಸುಳ್ಳು ನುಗ್ಗುತ್ತಿದ್ದ ಬಾಗಿಲನ್ನೇ ಹುಡುಕಿ ಅಗಳಿ ಹಾಕಿದ್ದರಿಂದ ‘ಭೂಮಿ’ ಗೆದ್ದಿತು.

ಬ್ಲಾಕ್‌ಚೈನಿನ ಬಲ ಬೇರೆಯದು. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಬರಹ ಎತ್ತಿಕೊಂಡ ಸಮಸ್ಯೆ ಇದು: ಪರಸ್ಪರ ಗುರುತಿಲ್ಲದವರು ನಡುವೆ ಬ್ಯಾಂಕೇ ಇಲ್ಲದೆ ಒಂದು ಲೆಕ್ಕವನ್ನು ಒಪ್ಪುವುದು ಹೇಗೆ? ಅದಕ್ಕೆ ಉತ್ತರವೇ ಬ್ಲಾಕ್‌ಚೈನ್: ಪ್ರತಿ ಕಂತಿನ ದಾಖಲೆಯೂ ಹಿಂದಿನ ಕಂತಿನ ಗುರುತನ್ನು ಹೊತ್ತಿರುತ್ತದೆ. ಪ್ರತಿಗಳು ಹಲವರ ಬಳಿ ಇರುತ್ತವೆ. ನಡುವೆ ಒಂದು ಅಂಕಿ ಬದಲಿಸಿದರೂ ಮುಂದಿನ ಕೊಂಡಿಗಳೆಲ್ಲ ಕಳಚಿ ಮೋಸ ಬಯಲಾಗುತ್ತದೆ. ಬರೆದದ್ದನ್ನು ಅದು ಕಾಯುತ್ತದೆ. ಬರೆದದ್ದು ನಿಜವೋ ಅಲ್ಲವೋ ಎಂಬುದು ಅದಕ್ಕೆ ತಿಳಿಯದು.

ಈಗ ಉತಾರವನ್ನೂ ಬ್ಲಾಕ್‌ಚೈನಿಗೆ ಏರಿಸಬೇಕೆಂಬ ಮಾತಿದೆ. ಖಾನಾಪುರದ ಕಡೆಯ ಹಳ್ಳಿಯ ಹೊಲವೊಂದನ್ನು ನೆನೆಯಿರಿ. ಅದರ ಉತಾರದ 9ನೇ, ಮಾಲೀಕರ ಹೆಸರಿನ ಕಾಲಮ್ಮಿನಲ್ಲಿ ತೀರಿಹೋದ ಅಜ್ಜನ ಹೆಸರೇ ಇದೆ. ವಾರಸುದಾರರ ಹೆಸರು ಸೇರಿಸುವ ವಾರಸಾ ಆಗಿಲ್ಲ, ಪಾಲು ಅಳೆದು ಬೇರ್ಪಡಿಸುವ ಪೋಡಿಯೂ ಆಗಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನ ಹಂಚಿಕೆಯಲ್ಲಿ ಬದು ಹಾಕಿಕೊಂಡು ಉಳುತ್ತಿದ್ದಾರೆ, ತಂಗಿಯ ಪಾಲಿನ ಮಾತು ಎದ್ದೇ ಇಲ್ಲ. ಈ ಉತಾರವನ್ನು ಹೀಗೇ ಬ್ಲಾಕ್‌ಚೈನಿನ ಸರಪಳಿಗೆ ಕೊಟ್ಟರೆ ಆ ತಪ್ಪು ಎರಕದೊಳಗಿನ ಪೊಳ್ಳಿನಂತೆ ಗಟ್ಟಿಯಾಗಿ ಕೂರುತ್ತದೆ. ಅಲ್ಲಿ ಬೇಕಾದದ್ದು ಅಳತೆಯ ಸರಪಳಿ ಹಿಡಿದ ಮೋಜಣಿದಾರ, ಪಂಚರ ಮುಂದಿನ ಪಂಚನಾಮೆ.

ಹಾಗೆಂದು ಬ್ಲಾಕ್‌ಚೈನ್ ವ್ಯರ್ಥವಲ್ಲ. 2019ರಲ್ಲಿ ಕಾಫಿ ಮಂಡಳಿ ಪ್ರಾಯೋಗಿಕವಾಗಿ ಆರಂಭಿಸಿದ ಬ್ಲಾಕ್‌ಚೈನ್ ಮಾರುಕಟ್ಟೆ ಸರಿಯಾದ ಜಾಗವನ್ನೇ ತಟ್ಟಿತ್ತು: ಬೆಳೆಗಾರ, ರಫ್ತುದಾರ, ದೂರದೇಶದ ಕೊಳ್ಳುವವ ಒಬ್ಬರನ್ನೊಬ್ಬರು ಕಾಣದವರು. ಅಲ್ಲಿಯೂ ಚೀಲದೊಳಗಿನ ಬೀಜ ಎಂಥದೆಂದು ಕುದಿಸಿ ರುಚಿ ನೋಡಿಯೇ ಹೇಳಬೇಕು. ಪಾಲುದಾರರ ಒಪ್ಪಿಗೆಯೂ ಬೇಕು. ಐಬಿಎಂ, ಮರ್ಸ್ಕ್‌ನಂಥ ದೈತ್ಯರು ಹಡಗು ಸಾಗಣೆಗೆ 2018ರಲ್ಲಿ ತಂದ ಬ್ಲಾಕ್‌ಚೈನ್ ವೇದಿಕೆ ‘ಟ್ರೇಡ್‌ಲೆನ್ಸ್’ಗೆ ಇಡೀ ಉದ್ಯಮದ ಸಹಕಾರ ಒದಗದೆ, ಅದನ್ನು ಮುಚ್ಚುವುದಾಗಿ 2022ರ ನವೆಂಬರಿನಲ್ಲಿ ಘೋಷಿಸಿದರು.

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಲ್ಲಿ ನನ್ನದೊಂದು ಬಿನ್ನಹ. ಪ್ರಾಜೆಕ್ಟಿಗೆ ಕೋಡ್ ಬರೆಯುವ ಮೊದಲು ಖಾನಾಪುರದ ತಹಶೀಲ್ದಾರ ಕಚೇರಿಯ ಸರದಿಯಲ್ಲಿ ಒಂದು ದಿನ ನಿಲ್ಲಿ. ಅರ್ಜಿ ಹಿಡಿದ ಮುದುಕಿಯ ಪಕ್ಕ ಕೂತು, ಅವಳ ಕಾಗದ ಯಾವ ಮೇಜಿನಲ್ಲಿ ನಿಂತಿದೆ ಎಂದು ಕೇಳಿ. ನಿಮ್ಮ ಸಾಫ್ಟ್‌ವೇರ್ ಆ ಮೇಜಿನಿಂದ ಶುರುವಾಗಲಿ.