ಪಟ್ಟಿಯ ಮೇಲಿನ ಚಿನ್ನ

ಮುಟ್ಟು ತಪ್ಪಿದಾಗ ಮೆಡಿಕಲ್‌ನಿಂದ ತಂದು ಗುಟ್ಟಾಗಿ ನೋಡುವ ಆ ಪಟ್ಟಿಯಲ್ಲಿ ಚಿನ್ನವಿದೆ ಎಂದರೆ ನಂಬುವಿರಾ? ಹೆಚ್ಚಿನ ಪಟ್ಟಿಗಳಲ್ಲಿದೆ. ಅಕ್ಕಸಾಲಿಗನ ಕಣ್ಣಿಗೂ ಬೀಳದಷ್ಟು! ಸುಮಾರು 40 ನ್ಯಾನೋಮೀಟರ್, ಅಂದರೆ ಕೂದಲಿಗಿಂತ ಸಾವಿರ ಪಟ್ಟು ಸಣ್ಣ ಕಣವಾದಾಗ ಚಿನ್ನ ಕೆಂಪಾಗಿ ಕಾಣುತ್ತದೆ. ಅದಕ್ಕೆ ಅಂಟಿಸಿದ ಪ್ರತಿಕಾಯಗಳು ಮೂತ್ರದಲ್ಲಿರುವ ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನನ್ನು ಹಿಡಿದುಕೊಳ್ಳುತ್ತವೆ. ಮುಂದೆ ಕಾದಿರುವ ಇನ್ನೊಂದು ಪ್ರತಿಕಾಯ ಅವನ್ನು ತಡೆದು ನಿಲ್ಲಿಸುತ್ತದೆ. ಹೀಗೆ ಕಣಗಳು ರಾಶಿಬಿದ್ದ ಜಾಗವೇ ಎರಡನೇ ಗೆರೆ.

ಹಾರ್ಮೋನು ಕಡಿಮೆಯಿದ್ದರೆ ಕಣಗಳೂ ಕಡಿಮೆ. ಆದ್ದರಿಂದ ಹೇಳಿದ ಸಮಯದೊಳಗೆ ಮೂಡಿದ ಗೆರೆ ಮಸುಕಾಗಿದ್ದರೂ ಲೆಕ್ಕಕ್ಕುಂಟು. ಮೂಡದಿದ್ದರೆ ಮೂರು ದಿನ ಬಿಟ್ಟು ಬೆಳಗ್ಗಿನ ಮೊದಲ ಮೂತ್ರದಲ್ಲಿ ನೋಡಿ. ಗರ್ಭ ಎಲ್ಲಿ ನಿಂತಿದೆಯೆಂದು ಮಾತ್ರ ಪಟ್ಟಿ ಹೇಳಲಾರದು. ಹೊಟ್ಟೆಯ ಒಂದು ಬದಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಗರ್ಭ ನಾಳದಲ್ಲೇ ನಿಂತಿರಬಹುದು. ನಾಳೆಗೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.