ಔಡಲದ ಕೊಂಡಲಿ ಹುಳುವೂ ಅದನ್ನು ಹೋಲುವ ಕೀಡೆಗಳೂ

ರೋಗವನ್ನರಿಯದೆ ಮದ್ದು ಕೊಡುವ ವೈದ್ಯನಿಗೂ ಕೀಡೆಯ ಗುರುತರಿಯದೆ ಬೆಳೆಗೆ ವಿಷವನ್ನು ಸಿಂಪಡಿಸುವ ರೈತನಿಗೂ ಹೆಚ್ಚಿನ ಭೇದವಿಲ್ಲ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಗೇಣು ಹಾಕಿದಂತೆ ನಡೆಯುವ ಕೀಡೆಗಳೆಲ್ಲವೂ ಒಂದೇ ಎಂದು ತಿಳಿಯುವುದು ತಪ್ಪು. ಮಾನವಿ ತಾಲೂಕಿನ ಕುರ್ಡಿಯ ಸುತ್ತಲಾಗಲಿ, ದೇವದುರ್ಗದ ಕಡೆಯಲ್ಲಾಗಲಿ ಔಡಲ ಬಿತ್ತುವವರು ಈ ಭೇದವನ್ನು ತಿಳಿದಿರುವುದು ಅವಶ್ಯವು.

ಈ ಭ್ರಾಂತಿಗೆ ಪಂಡಿತರೂ ಹೊರತಲ್ಲ. ಔಡಲದ ಪತಂಗಕ್ಕೆ 1758ರಲ್ಲಿ ‘ಜನಾಟ’ ಎಂದು ಹೆಸರಿಟ್ಟ ಸ್ವೀಡನ್ ದೇಶದ ಲಿನೇಯಸನು ಅದನ್ನು ‘ಜಿಯೋಮೆಟ್ರ’, ಎಂದರೆ ಭೂಮಿಯನ್ನಳೆಯುವ ಪತಂಗಗಳ ಸಾಲಿಗೆ ಸೇರಿಸಿದನು. ತರುವಾಯದ ಶೋಧಕರು ಅದನ್ನು ಬೇರೆ ಕುಲಕ್ಕೆ ಸೇರಿಸಿದರು. ಈಗ ಅದರ ಹೆಸರು ಅಕೀಯ ಜನಾಟ.

ಭೇದವನ್ನರಿಯಲು ಕಾಲುಗಳನ್ನೆಣಿಸಿದರೆ ಸಾಕು. ನಿಜವಾದ ಅಳೆಯುವ ಕೀಡೆಗೆ ಎದೆಯ ಮೂರು ಜೊತೆ ಕಾಲುಗಳಲ್ಲದೆ, ಹಿಂತುದಿಯ ಬಳಿ ಎರಡೇ ಜೊತೆ ಮೆತ್ತನೆಯ ಕಾಲುಗಳಿರುತ್ತವೆ, ನಡುವೆಲ್ಲ ಬರಿದು. ಅಸ್ಸಾಮು, ಉತ್ತರ ಬಂಗಾಳಗಳ ಚಹಾ ತೋಟಗಳನ್ನು ಪೀಡಿಸುವ ಹೈಪೊಸೈಡ್ರ ಟಲಾಕ ಈ ಕುಲದ್ದು. ಕೊಂಡಲಿ ಹುಳುವಿಗಾದರೋ ಹೊಟ್ಟೆಯ ನಡುವೆಯೂ ಮೆತ್ತನೆಯ ಕಾಲುಗಳುಂಟು. ಅವುಗಳಲ್ಲಿ ಮುಂದಿನ ಜೊತೆ ಕುಗ್ಗಿರುವುದರಿಂದ ಅದು ಅರ್ಧ ಬಾಗಿ ನಡೆಯುತ್ತದೆ. ಅದರ ತಲೆ ಕಪ್ಪು. ಹಿಂತುದಿಯಲ್ಲಿ ಕೆಂಪು ಗುಬುಟುಗಳಿರುತ್ತವೆ.

ಪತಂಗಗಳಲ್ಲಿಯೂ ಭೇದವುಂಟು. ಔಡಲದ ಪತಂಗದ ಹಿಂದಿನ ರೆಕ್ಕೆ ಕಪ್ಪು. ಅದರಲ್ಲಿ ಬಿಳಿಯ ಪಟ್ಟೆಯೂ ಅಂಚಿನಲ್ಲಿ ಬಿಳಿಯ ಮಚ್ಚೆಗಳೂ ಇವೆ. ಕುಳಿತಾಗ ಮುಂದಿನ ಬೂದುಗಂದು ರೆಕ್ಕೆ ಅದನ್ನು ಮುಚ್ಚುತ್ತದೆ. ಅಳೆಯುವ ಕುಲದವು ಬಹುಮಟ್ಟಿಗೆ ನಾಲ್ಕು ರೆಕ್ಕೆಗಳನ್ನೂ ಚಪ್ಪಟೆಯಾಗಿ ಹರಡಿ ಕೂಡುತ್ತವೆ.

ಇಷ್ಟು ಸೂಕ್ಷ್ಮವು ರೈತನಿಗೇಕೆಂದು ಕೆಲವರು ಕೇಳಬಹುದು. ಉತ್ತರವು ಎಲೆಯ ಅಡಿಯಲ್ಲಿಯೇ ಇದೆ. ಮೈಕ್ರೊಪ್ಲೈಟಿಸ್ ಎಂದು ಬಲ್ಲವರು ಕರೆಯುವ ಸಣ್ಣ ಕಣಜವು ಎಳೆಯ ಕೊಂಡಲಿ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಅದರ ಮರಿಯು ಹುಳುವನ್ನು ಒಳಗಿನಿಂದ ತಿಂದು ಹೊರಬಂದು, ಹುಳುವಿನ ಹಿಂಭಾಗದ ಅಡಿಯಲ್ಲಿ ಪುಟ್ಟ ಗೂಡನ್ನು ಕಟ್ಟುತ್ತದೆ. ಇಂಥ ಹುಳುವನ್ನು ಹೊಸಕುವುದೂ ಅದರ ಮೇಲೆ ವಿಷ ಸಿಂಪಡಿಸುವುದೂ ಹೊಲದ ಕಾವಲುಗಾರನನ್ನೇ ಕೊಂದಂತೆ. ಕೀಡೆಯು ಬೇರೆಯಾದರೆ ಈ ಕಣಜದ ನೆರವನ್ನು ನೆಚ್ಚುವಂತಿಲ್ಲ. ಆದುದರಿಂದಲೇ ಗುರುತು ಮುಖ್ಯವು.

ಆದಕಾರಣ ಊರಿನ ಪ್ರಮುಖರೂ ಜಮೀನುದಾರರೂ ಔಷಧವನ್ನು ತರಿಸುವುದಕ್ಕೆ ಮೊದಲು ಹೊಲದ ನಾಲ್ಕು ಕಡೆಯ ಗಿಡಗಳನ್ನು ನೋಡಿಸತಕ್ಕದ್ದು. ಬಲಿತ ಹುಳುಗಳನ್ನು ಕೈಯಿಂದ ಆರಿಸಿ ನಾಶಪಡಿಸಿ, ಗೂಡು ಹೊತ್ತವುಗಳನ್ನು ಹಾಗೆಯೇ ಬಿಡತಕ್ಕದ್ದು. ಸಂಶಯವುಂಟಾದಲ್ಲಿ ಹುಳುವನ್ನು ಎಲೆಸಹಿತ ಸೀಸೆಯಲ್ಲಿಟ್ಟು ರೈತ ಸಂಪರ್ಕ ಕೇಂದ್ರಕ್ಕಾಗಲಿ, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕಾಗಲಿ ಒಯ್ದು ತೋರಿಸುವುದು ಯುಕ್ತವು. ದೊಡ್ಡ ಹಿಡುವಳಿಯವರು ಮೇಲ್ಪಂಕ್ತಿ ಹಾಕಿದರೆ ಬಡರೈತರು ಅನುಸರಿಸುವರು. ಕಣಜವು ಬದುವಿನ ಎಲ್ಲೆಯನ್ನರಿಯದು. ಒಬ್ಬರ ಹೊಲದಲ್ಲಿ ಉಳಿದದ್ದು ನೆರೆಯವರ ಬೆಳೆಯನ್ನೂ ಕಾಯುವುದು.